ಮೋಡದ ಮೇಲಿಂದ ನೋಡಿದರೆ ಅಳಿವೆ ಕಾಣದು ಸ್ವಾಮಿ

ಕಳೆದ ವರ್ಷದ ತುಲಾ ತಿಂಗಳು. ಒಂದು ವಾರ ಬಿಡದೆ ಹೊಡೆದ ಮಳೆ ನಿಂತು ಬಿಸಿಲು ಬಿದ್ದಿತ್ತು. ನಮ್ಮ ಶಾಲೆಯ ವಿಜ್ಞಾನ ಸಂಘದ ಕಾರ್ಯಕ್ರಮಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದರು. ಓದಿಕೊಂಡವರು, ಮಾತೂ ಸೊಗಸು. ಪ್ರೊಜೆಕ್ಟರ್ ಹಾಕಿ ಅರಬ್ಬಿ ಕಡಲಿನ ಉಪಗ್ರಹ ಚಿತ್ರ ತೋರಿಸಿದರು. ನಡುಗಡಲೆಲ್ಲ ನೀಲಿ, ಈಚೆ ಬಂದರೆ ಹಸಿರು, ದಡದ ಉದ್ದಕ್ಕೂ ಹಳದಿ, ಹೊಳೆಗಳು ಸೇರುವಲ್ಲಿ ಕಡುಕೆಂಪು. "ಮಕ್ಕಳೇ, ಕೆಂಪು ಇದ್ದಲ್ಲಿ ಕ್ಲೋರೋಫಿಲ್ ಜಾಸ್ತಿ. ಕ್ಲೋರೋಫಿಲ್ ಜಾಸ್ತಿ ಅಂದರೆ ಸಸ್ಯಪ್ಲವಕ ಜಾಸ್ತಿ, ಮೀನಿಗೆ ಊಟ ಜಾಸ್ತಿ" ಅಂದರು.

ಹಿಂದಿನ ಬೆಂಚಿನಲ್ಲಿ ಕಡಲ ಬದಿಯ ಮನೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಅದು ಹೊಳೆಯ ನೀರಲ್ವಾ? ಕಟ್ಟನ್ ಚಾಯದ ಹಾಗೆ ಇರ್ತದೆ. ಮಳೆ ಬಂದ ಮೇಲೆ ಅಲ್ಲಿ ನಮ್ಮ ಅಪ್ಪ ಬಲೆ ಹಾಕುವುದೇ ಇಲ್ಲ."

ಅತಿಥಿಗಳು ನಕ್ಕರು. "ಉಪಗ್ರಹ ಸುಳ್ಳು ಹೇಳುವುದಿಲ್ಲ ಮಗೂ" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಹುಡುಗ ಕೂತುಬಿಟ್ಟ.

ಆ ಚಪ್ಪಾಳೆ ಆಮೇಲೆ ನಮ್ಮನ್ನು ಬಹಳ ದಿನ ಕಾಡಿತು. ನಾವು ಟಿ.ಸಿ.ಎಚ್. ಮಾಡಿ ಆಮೇಲೆ ಬಿ.ಎ. ಕಟ್ಟಿದವರು, ವಿಜ್ಞಾನದ ಪದವಿ ನಮ್ಮಲ್ಲಿಲ್ಲ. ಆದರೆ ಓದಲು ಬರುತ್ತದೆ. ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ಕೊನೆಗೆ ತಿಳಿದದ್ದು ಇಷ್ಟು: ಹುಡುಗ ಹೇಳಿದ್ದು ಸರಿ. ಉಪಗ್ರಹ ಸುಳ್ಳು ಹೇಳುವುದಿಲ್ಲ ಅನ್ನುವುದೂ ಸರಿಯೇ, ಅದು ಬೆಳಕನ್ನು ಅಳೆಯುತ್ತದೆ, ಅಷ್ಟೇ. ಆ ಬೆಳಕಿಗೆ ಅರ್ಥ ಹಚ್ಚುವವರು ಮನುಷ್ಯರು. ದಡದ ನೀರನ್ನು ಬಾಟಲಿಯಲ್ಲಿ ತುಂಬಿ ನೋಡದೆ ಅರ್ಥ ಹಚ್ಚಿದರೆ ಅದು ಕಣಿ ಹೇಳಿದ ಹಾಗೆ.

ಸಂಗತಿ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಡಲ ನೀರಿನಲ್ಲಿ ಕರಗಿರುವುದು ಉಪ್ಪು ಮಾತ್ರ ಅಲ್ಲ. ಕಾಡಿನ ತರಗೆಲೆ, ಅಡಿಕೆ ತೋಟದ ಸೊಪ್ಪು, ಗದ್ದೆಯ ಹುಲ್ಲು, ಕಾಂಡ್ಲಾ ಗಿಡದ ಬುಡದ ಕೆಸರು, ಹಿನ್ನೀರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ, ಪೇಟೆಯ ಚರಂಡಿ, ಇವೆಲ್ಲ ಕೊಳೆತು ಬಿಟ್ಟ ರಸ ಹೊಳೆಯಲ್ಲಿ ಹರಿದು ಬರುತ್ತದೆ. ಕಡಲಿನಲ್ಲೇ ಹುಟ್ಟಿ ಸಾಯುವ ಪ್ಲವಕಗಳೂ ತಮ್ಮ ಪಾಲು ಸೇರಿಸುತ್ತವೆ. ಇದಕ್ಕೆ ಕರಗಿದ ಸಾವಯವ ವಸ್ತು ಎಂದು ಹೆಸರು. ಸಣ್ಣ ಬಾಬತ್ತು ಅಂತ ತಿಳಿಯಬೇಡಿ. ಲೋಕದ ಕಡಲುಗಳಲ್ಲಿ ಹೀಗೆ ಕರಗಿರುವ ಇಂಗಾಲ ಸುಮಾರು 66,000 ಕೋಟಿ ಟನ್, ಹೆಚ್ಚುಕಡಿಮೆ ನಮ್ಮ ತಲೆಯ ಮೇಲಿನ ಗಾಳಿಯಲ್ಲಿರುವ ಇಂಗಾಲಕ್ಕೆ ಹೋಲಿಸುವಷ್ಟು. ಹೊಳೆಗಳು ಪ್ರತಿವರ್ಷ ತಂದು ಸುರಿಯುವುದೇ ಸುಮಾರು 25 ಕೋಟಿ ಟನ್.

ಇದರಲ್ಲಿ ಒಂದು ಪಾಲಿಗೆ ಬಣ್ಣ ಇರುತ್ತದೆ, ಅದೇ ಹುಡುಗ ಹೇಳಿದ ಹಾಲು ಹಾಕದ ಚಹಾದ ಬಣ್ಣ. ಜರ್ಮನಿಯ ಕುರ್ಟ್ ಕಾಲೆ 1930ರ ದಶಕದಲ್ಲೇ ಅದನ್ನು 'ಹಳದಿ ವಸ್ತು' ಎಂದು ಕರೆದಿದ್ದ. ಅದರ ಗುಣ ಏನೆಂದರೆ ಬಿಸಿಲಿನ ನೀಲಿ ಬೆಳಕನ್ನು ನುಂಗುವುದು. ಈಗ ತಮಾಷೆ ನೋಡಿ. ಪ್ಲವಕದ ಕ್ಲೋರೋಫಿಲ್ ಕೂಡ ನೀಲಿ ಬೆಳಕನ್ನೇ ನುಂಗುತ್ತದೆ, 443 ನ್ಯಾನೋಮೀಟರಿನ ಆಸುಪಾಸಿನಲ್ಲಿ. ಉಪಗ್ರಹದ ಹಳೆಯ ಸೂತ್ರ ಏನು ಮಾಡುತ್ತದೆ? ಕಡಲಿನಿಂದ ಮೇಲೆ ಬಂದ ಬೆಳಕಿನಲ್ಲಿ ಹಸಿರಿಗೆ ಹೋಲಿಸಿದರೆ ನೀಲಿ ಎಷ್ಟು ಕಡಿಮೆಯಾಗಿದೆ ಅಂತ ನೋಡಿ, ಅಷ್ಟೂ ಕ್ಲೋರೋಫಿಲ್ ಎಂದು ಬರೆದುಕೊಳ್ಳುತ್ತದೆ. ನೀಲಿ ಕದ್ದ ಕಳ್ಳರು ಇಬ್ಬರು, ಕೇಸು ಮಾತ್ರ ಒಬ್ಬನ ಮೇಲೆ! ನಡುಗಡಲಿನಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ, ಅಲ್ಲಿ ಹೊಳೆಯ ರಸ ಕಡಿಮೆ, ಇರುವ ಹಳದಿಯೂ ಪ್ಲವಕದ ಜೊತೆಜೊತೆಗೆ ಏರಿಳಿಯುತ್ತದೆ. ಅಳಿವೆಯ ಎದುರು ಹಾಗಲ್ಲ. ಹೊಳೆಯ ಕಟ್ಟನ್ ಚಾಯವೆಲ್ಲ ಚಿತ್ರದಲ್ಲಿ 'ಮೀನಿನ ಊಟ'ವಾಗಿ ಕೆಂಪಾಗಿ ಹೊಳೆಯುತ್ತದೆ.

ಇದು ವಿಜ್ಞಾನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅವರ ಮೇಲೆ ನಮಗೆ ಸಿಟ್ಟೂ ಇಲ್ಲ. 1977ರಲ್ಲೇ ಫ್ರಾನ್ಸಿನ ಮೊರೆಲ್ ಮತ್ತು ಪ್ರಿಯರ್ ಕಡಲ ನೀರಿನಲ್ಲಿ ಎರಡು ಜಾತಿ ಉಂಟು, ಪ್ಲವಕವೇ ಬಣ್ಣ ಕೊಡುವ ನೀರು ಒಂದು, ಕೆಸರು ಮತ್ತು ಹಳದಿ ವಸ್ತು ಬಣ್ಣ ಕೊಡುವ ನೀರು ಇನ್ನೊಂದು ಅಂತ ಬೇರೆ ಮಾಡಿ ಹೇಳಿದರು. 1978ರಲ್ಲಿ ಹಾರಿದ ಅಮೆರಿಕದ ಮೊದಲ ಬಣ್ಣದ ಕಣ್ಣಿಗೆ 443ಕ್ಕಿಂತ ಕೆಳಗಿನ ನೇರಳೆ ಕಾಣುತ್ತಿರಲಿಲ್ಲ. 1997ರ ಸೀವಿಫ್ಸ್ ಉಪಕರಣಕ್ಕೂ, 1999ರ ಮೇ 26ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಓಷನ್‌ಸ್ಯಾಟ್-1ಕ್ಕೂ 412 ನ್ಯಾನೋಮೀಟರಿನ ಪಟ್ಟಿ ಸೇರಿಸಿದ್ದು ಹಳದಿ ವಸ್ತುವನ್ನು ಬೇರೆಯಾಗಿ ಹಿಡಿಯಬೇಕು ಅಂತಲೇ. 2022ರ ನವೆಂಬರಿನಲ್ಲಿ ಹಾರಿದ ಇ.ಒ.ಎಸ್.-06ರ ಕಣ್ಣಿಗೆ 13 ಪಟ್ಟಿಗಳಿವೆ. 2024ರ ಫೆಬ್ರವರಿಯಲ್ಲಿ ನಾಸಾ ಹಾರಿಸಿದ ಪೇಸ್ ಅತಿನೇರಳೆಯಿಂದಲೇ ಶುರುಮಾಡಿ ಬಣ್ಣವನ್ನು ಎಳೆ ಎಳೆಯಾಗಿ ಬಿಡಿಸುತ್ತದೆ. ಕಣ್ಣು ಚುರುಕಾಗುತ್ತಲೇ ಇದೆ, ಸಂತೋಷ.

ಆದರೆ ಕಣ್ಣು ಎಷ್ಟು ಚುರುಕಾದರೇನು, ಪರಿಚಯ ಇಲ್ಲದವನನ್ನು ಗುರುತು ಹಿಡಿಯುವುದು ಹೇಗೆ? ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಗಾಳಿಯಿಂದ ಚದುರಿ ಬಂದದ್ದು. ಅದನ್ನು ಕಳೆದು ಉಳಿದ ಹತ್ತು ಪಾಲಿನಲ್ಲಿ ಕಡಲನ್ನು ಓದಬೇಕು. ಕಳೆಯುವಾಗ ಆಗುವ ತಪ್ಪು ಅತಿ ಹೆಚ್ಚು ಕಾಡುವುದು ಅದೇ 412ರ ಬದಿಯಲ್ಲಿ, ಅದೂ ದಡದ ಹತ್ತಿರ. ಓಷನ್‌ಸ್ಯಾಟ್-1ರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 360 ಮೀಟರ್. ನಮ್ಮ ಊರಿನ ಹೊಳೆಬಾಯಿಗಳು ಅಂಥ ಒಂದೆರಡು ಚುಕ್ಕೆಯೊಳಗೆ ಮುಗಿದುಹೋಗುತ್ತವೆ. ದಡದ ಮರಳಿನ ಬೆಳಕು ತಾಗಿ ಕೆಟ್ಟ ಚುಕ್ಕೆಗಳನ್ನು ಲೆಕ್ಕದಿಂದಲೇ ತೆಗೆದುಹಾಕುವುದೂ ಉಂಟು. ಅಂದರೆ ಎಲ್ಲಿ ಜನ ಬದುಕುತ್ತಾರೋ, ಎಲ್ಲಿ ಬಲೆ ಬೀಳುತ್ತದೋ, ಅಲ್ಲೇ ಚಿತ್ರ ಮಂಕು.

ಇನ್ನೊಂದು ಮಾತು ಬಾಕಿ ಇದೆ. ಉಪಗ್ರಹಕ್ಕೆ ಕಾಣುವುದು ಬಣ್ಣ ಇರುವ ಪಾಲು ಮಾತ್ರ. ಒಟ್ಟು ಕರಗಿದ ಇಂಗಾಲ ಎಷ್ಟು ಅನ್ನುವುದನ್ನು ಅದರಿಂದ ಅಂದಾಜು ಮಾಡಬೇಕು. ಆ ಅಂದಾಜಿನ ಲೆಕ್ಕ ಊರಿಂದ ಊರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಚೆಸಾಪೀಕ್ ಕೊಲ್ಲಿಯ ಬಾಯಿಯೂ ಸೇರಿದಂತೆ, ನಾಸಾದ ಆಂಟೋನಿಯೋ ಮನ್ನಿನೋ ಮತ್ತು ಸಂಗಡಿಗರು ಹಡಗಿನಲ್ಲಿ ಹೋಗಿ ನೀರು ತೆಗೆದು ಉಪಗ್ರಹದ ಲೆಕ್ಕಕ್ಕೆ ಜೋಡಿಸಿ 2008ರಲ್ಲಿ ಪ್ರಕಟಿಸಿದರು. ಬೇಸಿಗೆಗೆ ಒಂದು ಸೂತ್ರ, ಉಳಿದ ತಿಂಗಳುಗಳಿಗೆ ಬೇರೆ ಸೂತ್ರ ಬೇಕಾಯಿತು ಅವರಿಗೆ. ಬೇಸಿಗೆಯ ಬಿಸಿಲು ಹಳದಿ ಬಣ್ಣವನ್ನು ಅಳಿಸುತ್ತದೆ, ಒಗೆದ ಬಟ್ಟೆ ಅಂಗಳದಲ್ಲಿ ಮಾಸಿದ ಹಾಗೆ. ಆದರೆ ಬಣ್ಣ ಹೋದಷ್ಟು ವೇಗದಲ್ಲಿ ಇಂಗಾಲ ಹೋಗುವುದಿಲ್ಲ. ಕೈಯಲ್ಲಿ ನೀರು ಇಲ್ಲದಿದ್ದರೆ ಅವರಿಗೆ ಇದು ತಿಳಿಯುತ್ತಿತ್ತೇ? ಅಮೆರಿಕದವರು ತಮ್ಮ ಅಳಿವೆಗೆ ತಮ್ಮ ಸೂತ್ರ ಮಾಡಿಕೊಂಡರು. ಆ ಸೂತ್ರವನ್ನೋ, ಲೋಕಕ್ಕೆಲ್ಲ ಒಂದೇ ಅಂತ ಮಾಡಿಟ್ಟ ಇನ್ನೊಂದನ್ನೋ ತಂದು ಚಂದ್ರಗಿರಿ ಹೊಳೆಯ ಬಾಯಿಗೆ ಹಚ್ಚಿದರೆ, ಅಣ್ಣನ ಅಂಗಿ ತಮ್ಮನಿಗೆ ಹಾಕಿ "ಚೆಂದ ಕಾಣ್ತದೆ" ಅಂದ ಹಾಗಾಗುತ್ತದೆ.

ಬಣ್ಣ ಇಲ್ಲದ್ದು ಕಾಣುವುದಿಲ್ಲ ಅನ್ನುವ ಮಾತು ನಮ್ಮ ಜಿಲ್ಲೆಯವರಿಗೆ ಬೇರೆ ರೀತಿಯಲ್ಲೂ ತಾಗುತ್ತದೆ. 2000ನೇ ಇಸವಿಯವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡವರು ನಾವು. ನೀರಿನಲ್ಲಿ ಸೇರಿದ ಅದರ ಅಂಶವನ್ನು ಯಾವ ಉಪಗ್ರಹದ ಯಾವ ಪಟ್ಟಿಯೂ ತೋರಿಸುವುದಿಲ್ಲ. ಅದಕ್ಕೂ ನೀರು ತೆಗೆಯಲೇಬೇಕು. ಇದನ್ನು ಮರೆತು 'ಚಿತ್ರದಲ್ಲಿ ಎಲ್ಲ ಚೆನ್ನಾಗಿದೆ' ಅನ್ನುವವರ ಎದುರು ನಮಗೆ ತಾಳ್ಮೆ ಕಡಿಮೆ. ಕ್ಷಮಿಸಿ.

ಹುಡುಗನ ಮಾತನ್ನು ಪರೀಕ್ಷೆ ಮಾಡಿಯೇ ಬಿಡೋಣ ಅಂತ ಮುಂದಿನ ಶನಿವಾರ ಏಳು ಮಂದಿ ಮಕ್ಕಳನ್ನು ಕರಕೊಂಡು ಚಂದ್ರಗಿರಿ ಸೇತುವೆಯ ಹತ್ತಿರ ಹೋದೆವು. ಮಧ್ಯಾಹ್ನದ ಊಟದ ಒಂದು ಸ್ಟೀಲು ತಟ್ಟೆಗೆ ಬಿಳಿ ಪೈಂಟ್ ಬಳಿದು, ಅಡಿಗೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಟ್ಟೆವು. (ಅಡುಗೆಯ ಅಕ್ಕ ಆ ತಟ್ಟೆಯ ಲೆಕ್ಕ ಈಗಲೂ ಕೇಳುತ್ತಾರೆ.) 1865ರಲ್ಲಿ ಇಟಲಿಯ ಸೆಚ್ಚಿ ಎಂಬ ಪಾದ್ರಿ ಮಾಡಿದ ಉಪಾಯ ಇದು, ಇವತ್ತಿಗೂ ಕಡಲ ವಿಜ್ಞಾನಿಗಳು ಬಳಸುತ್ತಾರೆ. ತಟ್ಟೆ ಒಂದು ಮೊಳ ಇಳಿಯುವ ಮೊದಲೇ ಮಾಯ. ಅದು ಕೆಸರಿನಿಂದಲೂ ಆಗಬಹುದಲ್ಲ? ಆಗಬಹುದು. ಹಾಗಾಗಿ ನೀರು ತಂದು ಪ್ರಯೋಗಶಾಲೆಯ ಸೋಸು ಕಾಗದದಲ್ಲಿ ಎರಡು ಸಲ ಸೋಸಿದೆವು. ಕೆಸರು ಕಾಗದದಲ್ಲಿ ಉಳಿಯಿತು. ಗಾಜಿನ ಲೋಟವನ್ನು ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಬಾವಿ ನೀರಿನ ಲೋಟ ಇಟ್ಟು ಮೇಲಿಂದ ನೋಡಿದರೆ ಹಳದಿ ಹಾಗೇ ಕೂತಿದೆ! ಜನವರಿಯಲ್ಲಿ ಮತ್ತೆ ಹೋದೆವು. ತಟ್ಟೆ ಮೊಳಗಟ್ಟಲೆ ಇಳಿದರೂ ಕಾಣುತ್ತಿತ್ತು, ಲೋಟಗಳಲ್ಲಿ ವ್ಯತ್ಯಾಸ ಹುಡುಕಬೇಕಾಯಿತು.

ನಮ್ಮ ಸೋಸು ಕಾಗದದ ಕೆಲಸ ಮಕ್ಕಳಾಟ, ಒಪ್ಪುತ್ತೇವೆ. ನಿಜವಾದ ಕೆಲಸದಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಸಣ್ಣ ತೂತಿನ ಸೋಸುಗಳಲ್ಲಿ ನೀರು ಇಳಿಸುತ್ತಾರೆ. ಬಿಸಿಲು ತಾಗದ ಹಾಗೆ ಕಂದು ಗಾಜಿನಲ್ಲಿ ತಣ್ಣಗೆ ಇಡುತ್ತಾರೆ. ಯಂತ್ರದಲ್ಲಿ ಯಾವ ಬಣ್ಣವನ್ನು ಎಷ್ಟು ನುಂಗುತ್ತದೆ ಅಂತ ಅಳೆಯುತ್ತಾರೆ. ಇಂಗಾಲ ಅಳೆಯಲು ನೀರನ್ನು ಸುಮಾರು 700 ಡಿಗ್ರಿಯಲ್ಲಿ ಸುಟ್ಟು ಹೊರಬಂದ ಇಂಗಾಲದ ಡೈಆಕ್ಸೈಡನ್ನು ಎಣಿಸುತ್ತಾರೆ. ಕಷ್ಟದ ಕೆಲಸವೇ. ಆದರೆ ರಾಕೆಟ್ ಹಾರಿಸುವ ದೇಶಕ್ಕೆ ಇದು ಕಷ್ಟವೇ?

ಇನ್ನು ಮಳೆಗಾಲಕ್ಕೆ ಬರೋಣ, ನಮ್ಮ ಮುಖ್ಯ ತಕರಾರು ಇರುವುದು ಅಲ್ಲಿ. ಕಾಸರಗೋಡಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ವರ್ಷವಿಡೀ ಮಣ್ಣಿನಲ್ಲಿ ಕೊಳೆತದ್ದೆಲ್ಲ ಆ ನಾಲ್ಕು ತಿಂಗಳಲ್ಲಿ ಕಡಲಿಗೆ ಇಳಿಯುತ್ತದೆ. ಅದೇ ನಾಲ್ಕು ತಿಂಗಳು ಆಕಾಶದಲ್ಲಿ ಮೋಡ. ಬಣ್ಣ ನೋಡುವ ಉಪಗ್ರಹ ಮೋಡದ ಆಚೆ ನೋಡಲಾರದು. ರಾಡಾರ್ ಉಪಗ್ರಹ ಮೋಡ ದಾಟಿ ನೋಡುತ್ತದೆ, ಆದರೆ ಅದಕ್ಕೆ ಬಣ್ಣ ಗೊತ್ತಿಲ್ಲ. ಹೀಗಾಗಿ ಅತಿ ಹೆಚ್ಚು ಸಾವಯವ ವಸ್ತು ಇಳಿಯುವ ಹೊತ್ತಿನಲ್ಲೇ ಮೇಲಿನ ಕಣ್ಣು ಮುಚ್ಚಿರುತ್ತದೆ. ಆಮೇಲೆ ಬಿಸಿಲಿನ ದಿನಗಳ ಚಿತ್ರಗಳನ್ನು ಒಟ್ಟುಹಾಕಿ 'ವಾರ್ಷಿಕ ಸರಾಸರಿ' ಅಂತ ಕೊಡುತ್ತಾರೆ. ಪರೀಕ್ಷೆಯ ದಿನ ಗೈರುಹಾಜರಾದ ಹುಡುಗನಿಗೆ ಉಳಿದ ದಿನದ ಹಾಜರಿ ನೋಡಿ ಪಾಸು ಹಾಕಿದರೆ ನಮ್ಮ ಎ.ಇ.ಒ. ಸಾಹೇಬರು ಬಿಡುತ್ತಾರೆಯೇ?

ಇದರಿಂದ ಯಾರಿಗೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಮೀನಿಗೆ, ಮೀನಿನವರಿಗೆ. ಮಳೆಗಾಲದಲ್ಲಿ ನಮ್ಮ ಪಡುವಣ ಕರಾವಳಿಯಲ್ಲಿ ಕಡಲಿನ ಅಡಿಯ ತಣ್ಣನೆಯ ನೀರು ಮೇಲಕ್ಕೆ ಏರಿ ದಡದ ಕಡೆ ಬರುತ್ತದೆ. ಅದರಲ್ಲಿ ಗೊಬ್ಬರ ಜಾಸ್ತಿ, ಆಮ್ಲಜನಕ ಕಡಿಮೆ. ಗೊಬ್ಬರ ತಿಂದು ಪ್ಲವಕ ಬೆಳೆಯುತ್ತದೆ, ಸಾಯುತ್ತದೆ, ಅಡಿಗೆ ಬಿದ್ದು ಕೊಳೆಯುತ್ತದೆ. ಮೇಲೆ ಹೊಳೆಯ ಸಿಹಿನೀರು ಮುಚ್ಚಳದ ಹಾಗೆ ಕೂತಿರುವುದರಿಂದ ಗಾಳಿ ಕೆಳಗೆ ಇಳಿಯುವುದಿಲ್ಲ. ಕೊಳೆಯುವ ಸಾವಯವ ವಸ್ತು ಇದ್ದ ಆಮ್ಲಜನಕವನ್ನೂ ತಿಂದು ಮುಗಿಸುತ್ತದೆ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು ಇದನ್ನು ಕಂಡು 2000ನೇ ಇಸವಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. 1999ರ ಮಳೆಗಾಲ ಮುಗಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯ ಆಳವಿಲ್ಲದ ನೀರಿನ ಅಡಿಯಲ್ಲಿ ಆಮ್ಲಜನಕ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಿತ್ತು.

ಇಸವಿ ಗಮನಿಸಿ. 1999. ನಮ್ಮ ಓಷನ್‌ಸ್ಯಾಟ್-1 ಮೇಲೆ ಹಾರಿ ಸುತ್ತುತ್ತಿದ್ದ ವರ್ಷವೇ. ಕೆಳಗೆ ಅಡಿಯ ನೀರು ಉಸಿರು ಕಟ್ಟಿತ್ತು. ಮೇಲಿನವರಿಗೆ ಕಾಣುವುದು ಮೇಲಿನ ಪದರ, ಕಲಕಿದ ದಡದ ನೀರಿನಲ್ಲಂತೂ ಒಂದೆರಡು ಮೀಟರ್ ಮಾತ್ರ. ಗುಟ್ಟು ರಟ್ಟಾಗಿದ್ದು ಬಾಟಲಿ ಇಳಿಸಿ ಆಳದ ನೀರು ಎತ್ತಿದವರಿಂದ. ಅದೇ ಸಂಸ್ಥೆಯವರು ಗೋವೆಯ ಕಾಂಡೋಲಿಮ್ ಎದುರು, ದಡದಿಂದ ಸುಮಾರು 10 ಕಿಲೋಮೀಟರ್ ದೂರದ ಒಂದೇ ಜಾಗಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ನೀರು ತೆಗೆದಿದ್ದಾರೆ. ಅಲ್ಲಿ ಆಳ 30 ಮೀಟರೂ ಇಲ್ಲ. ಯಾವ ವೈಭವವೂ ಇಲ್ಲದ ಕೆಲಸ. ಪತ್ರಿಕೆಯಲ್ಲಿ ಬಣ್ಣದ ಚಿತ್ರ ಬರುವುದಿಲ್ಲ, ಶಾಲೆಗೆ ಬಂದು ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ನಮ್ಮ ಲೆಕ್ಕದಲ್ಲಿ ಈ ಕರಾವಳಿಗೆ ಆದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

ಹಾಗಾದರೆ ಉಪಗ್ರಹ ಬೇಡವೇ? ಯಾರು ಹೇಳಿದರು ಬೇಡ ಅಂತ! ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕಡಲಿನ ಬಿಸಿ ಮತ್ತು ಬಣ್ಣ ನೋಡಿ ಮೀನು ಸಿಗಬಹುದಾದ ಜಾಗ ಹೇಳುತ್ತದೆ, ದೂರ ಹೋಗುವ ದೋಣಿಯವರಿಗೆ ಅದರಿಂದ ಡೀಸೆಲ್ ಉಳಿಯುತ್ತದೆ. ಕೊಚ್ಚಿಯಿಂದ ಗೋವೆಯವರೆಗೆ ಒಂದೇ ನೋಟದಲ್ಲಿ ತೋರಿಸುವ ಕೆಲಸ ಹಡಗಿನಿಂದ ಆಗದು. 1983ರಿಂದ ಸಾಗರ ಕನ್ಯಾ, 1984ರಿಂದ ಸಾಗರ ಸಂಪದ, ಆಮೇಲೆ ಸಿಂಧು ಸಾಧನಾ, ಹೀಗೆ ಒಳ್ಳೆಯ ಹಡಗುಗಳು ದೇಶಕ್ಕೆ ಬಂದವು. ಆದರೆ ಅಷ್ಟು ದೊಡ್ಡ ಹಡಗು ಚಂದ್ರಗಿರಿಯ ಅಳಿವೆಗೆ ಬರಲಾರದು, ಶಿರಿಯ ಹೊಳೆಯ ಬಾಯಿಗಂತೂ ಕೇಳಲೇ ಬೇಡಿ. ಉಪಗ್ರಹದ ಬಣ್ಣದ ಕಣ್ಣನ್ನು ಸರಿಹೊಂದಿಸಲು ಲಕ್ಷದ್ವೀಪದ ಕವರತ್ತಿಯ ಎದುರು ಅಳತೆಯ ತೇಲು ಹಾಕಿದ್ದರು. ಅಮೆರಿಕದವರು ಹವಾಯಿಯಲ್ಲಿ ಹಾಕಿದ್ದಾರೆ. ಎರಡೂ ತಿಳಿನೀಲಿ ನೀರಿನ ಜಾಗ. ಅದು ಬೇಕಾದದ್ದೇ, ತಕ್ಕಡಿಯ ಸೊನ್ನೆ ಸರಿ ಮಾಡಲು ಖಾಲಿ ತಟ್ಟೆ ಬೇಕು. ಸೊನ್ನೆ ಸರಿಮಾಡಿದ ಮೇಲೆ ತೂಗಬೇಕಾದ ಸಾಮಾನನ್ನೂ ಇಡಬೇಕಲ್ಲ? 1991ರಲ್ಲಿ ಶುರುವಾದ ಕೋಮ್ಯಾಪ್ಸ್ ಯೋಜನೆಯಲ್ಲಿ ಕರಾವಳಿಯ ನೀರು ತೆಗೆದು ನೋಡುವ ಕೆಲಸ ನಡೆದದ್ದೂ ನಮಗೆ ಗೊತ್ತು. ನಾವು ಕೇಳುತ್ತಿರುವುದು ಅದರ ಮುಂದಿನದನ್ನು: ಒಂದೊಂದು ಹೊಳೆಬಾಯಿಗೂ ಒಂದು ನಿಗದಿತ ಜಾಗ, ಹದಿನೈದು ದಿನಕ್ಕೊಮ್ಮೆ ನೀರು, ಮೇಲಿನದೂ ಅಡಿಯದೂ, ಮುಖ್ಯವಾಗಿ ಆಟಿ ತಿಂಗಳಿನಲ್ಲೂ.

ಆಟಿಯಲ್ಲಿ ಕಡಲಿಗೆ ಇಳಿಯುವುದು ಯಾರು ಅನ್ನುತ್ತೀರಾ? ಕಡಲಿಗೆ ಇಳಿಯಲಾಗದ ದಿನ ಹೊಳೆಬಾಯಿಯ ಒಳಗಿನಿಂದಲೇ ತೆಗೆಯಿರಿ. ಟ್ರಾಲಿಂಗ್ ನಿಷೇಧದ 52 ದಿನ ಕೇರಳದಲ್ಲಿ ಎಷ್ಟು ಬೋಟಿನವರು ಕೆಲಸವಿಲ್ಲದೆ ಕೂತಿರುತ್ತಾರೆ. ಅವರಿಗೆ ದಿನದ ಕೂಲಿ ಕೊಟ್ಟರೆ ಬಾಟಲಿ ತುಂಬಿ ತರುವುದಿಲ್ಲವೇ? ಯಾವ ಹೊತ್ತಿಗೆ ಇಳಿತ, ಯಾವ ಹೊತ್ತಿಗೆ ಭರತ, ಕೆಂಪು ನೀರಿನ ಗೆರೆ ಎಲ್ಲಿಯವರೆಗೆ ಹೋಗುತ್ತದೆ, ಇದೆಲ್ಲ ಅವರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು?

ಗಡಿಯ ತಾಪತ್ರಯ ಒಂದು ಹೇಳಿ ಮುಗಿಸುತ್ತೇವೆ, ಹೇಳದಿದ್ದರೆ ಊಟ ಸೇರುವುದಿಲ್ಲ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸುಳ್ಯ ಪೇಟೆಯ ಪಕ್ಕ ಹರಿದು, ಗಡಿ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ತರಗೆಲೆ ಕರ್ನಾಟಕದ್ದು, ಕಡಲು ಕೇರಳದ್ದು. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಯ ಕಡಲಿನ ನಕ್ಷೆ ತಲಪಾಡಿಗೆ ನಿಲ್ಲುತ್ತದೆ, ಅಲ್ಲಿಂದ ಈಚೆ ಬಿಳಿ ಕಾಗದ. ತಿರುವನಂತಪುರದಿಂದ ಬರುವ ತಿಳುವಳಿಕೆಯ ಪತ್ರ ಮಲಯಾಳದಲ್ಲಿರುತ್ತದೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ನಾವು ಕೂತು ಬಿಡಿಸಿ ಹೇಳಬೇಕು. ಭೂತಾಯಿ, ಬಂಗುಡೆಗಳಿಗೆ ತಲಪಾಡಿಯ ಚೆಕ್‌ಪೋಸ್ಟ್ ಇದೆಯೇ? ಹೊಳೆಯ ಮೇಲ್ಬದಿ ಒಬ್ಬರು, ಕೆಳಬದಿ ಇನ್ನೊಬ್ಬರು, ಕಡಲು ಮೂರನೆಯವರು ಅಂತ ಫೈಲು ಹಂಚಿಕೊಂಡರೆ ಕಟ್ಟನ್ ಚಾಯ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೇಲಿಂದ ನೋಡಿದವರು ಅದನ್ನು ಮೀನಿನ ಊಟ ಅಂತ ಬರೆದುಬಿಡುತ್ತಾರೆ.

ಲೋಟಗಳ ಪ್ರಯೋಗ ಆದ ಮಾರನೇ ದಿನ ತರಗತಿಯಲ್ಲಿ ಎಲ್ಲರ ಎದುರು ಹುಡುಗನಿಗೆ ಹೇಳಿದೆವು, "ನೀನು ಹೇಳಿದ್ದೇ ಸರಿ ಮಾರಾಯ, ಅವತ್ತು ನಾವು ಚಪ್ಪಾಳೆ ತಟ್ಟಿದ್ದು ತಪ್ಪು." ಅವನು ಮೇಜಿನ ಮೇಲಿದ್ದ ತಟ್ಟೆ ನೋಡುತ್ತಾ "ಗೊತ್ತುಂಟು ಮಾಷ್ಟ್ರೇ" ಅಂದ. ಅವನ ಅಪ್ಪ ಈ ಸಲ ಆಟಿಯಿಂದ ತುಲಾ ಮಳೆಯವರೆಗೆ ತಿಂಗಳಿಗೆ ಎರಡು ಸಲ ಹೊಳೆಬಾಯಿಯಿಂದ ನೀರು ತಂದುಕೊಡುತ್ತೇನೆ ಅಂದಿದ್ದಾರೆ, ದುಡ್ಡು ಬೇಡವಂತೆ. ನಮಗೆ ಬೇಕಾಗಿರುವುದು ಬಿಗಿಯಾದ ಮುಚ್ಚಳ ಇರುವ ಕಂದು ಗಾಜಿನ ಬಾಟಲಿ ಹನ್ನೆರಡು. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು ಯಾರಾದರೂ ತಿಂಗಳಿಗೆ ಎರಡು ಸಲ ಒಂದು ಗಂಟೆ ಯಂತ್ರ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಬಾಟಲಿ ತೊಳೆಯುವುದು, ನೀರು ಸೋಸುವುದು, ಬಸ್ಸಿನಲ್ಲಿ ತಂದು ತಲುಪಿಸುವುದು ನಮ್ಮ ಕೆಲಸ.